ಎಡಕ್ಕೆ ವಾಲಿದ ಚುಕ್ಕೆಗಳು

ಸೂವೆನ್‌ಳ ಎಡಗೈ ಮೊದಲು ಪೆಟ್ಟು ತಿಂದದ್ದು ಅನ್ನದ ಬಟ್ಟಲಿನ ಮುಂದೆ. ಊಟದ ಕಡ್ಡಿಗಳನ್ನು ಎಡಗೈಯಲ್ಲಿ ಹಿಡಿದಾಗಲೆಲ್ಲ ಅಜ್ಜಿ ಬಿದಿರಿನ ಸೌಟಿನಿಂದ ಮಗುವಿನ ಗೆಣ್ಣಿನ ಮೇಲೆ ಬಾರಿಸುತ್ತಿದ್ದಳು. ಅದರಲ್ಲಿ ದ್ವೇಷವೇನೂ ಇರಲಿಲ್ಲ. ತುನ್‌ಶಿ ಊರಿನಲ್ಲಿ ಒಂದೇ ಮೇಜಿನ ಸುತ್ತ ಮನೆಮಂದಿಯೆಲ್ಲ ಒತ್ತಿಕೊಂಡು ಕೂತು ಉಣ್ಣುತ್ತಾರೆ. ನಡುವೆ ಎಡಚರೊಬ್ಬರು ಸೇರಿದರೆ ಪಕ್ಕದವರ ಮೊಣಕೈಗೆ ಮೊಣಕೈ ತಾಗಿ ತುತ್ತು ಚೆಲ್ಲುತ್ತದೆ. ಎಡಚಿಯನ್ನು ಯಾವ ಮನೆಯವರು ಸೊಸೆ ಮಾಡಿಕೊಂಡಾರು ಎಂಬುದು ಅಜ್ಜಿಯ ಚಿಂತೆ. ಕೆಲವು ತಿಂಗಳಲ್ಲಿ ಕಡ್ಡಿಗಳು ಬಲಗೈಗೆ ಬಂದವು, ಅಲ್ಲೇ ಉಳಿದವು. ಉಳಿದ ಕೆಲಸಕ್ಕೆಲ್ಲ ಎಡಗೈ ಯಾರೂ ನೋಡದಾಗ ಕಳ್ಳಬೆಕ್ಕಿನ ಹಾಗೆ ಹೊರಗೆ ಬರುತ್ತಿತ್ತು.

ಅವಳ ಅಪ್ಪ ಮಸಿ ಮಾಡುವ ಕಾರ್ಖಾನೆಯಲ್ಲಿ ಪೈನ್ ಮರದ ಹೊಗೆಯ ಕಾಡಿಗೆ ಕೆರೆಯುವ ಕೆಲಸದವನು. ಅಲ್ಲಿನ ಮಸಿಯನ್ನು ಬಾವ್ ತಿಂಗ್‌ಹೆ ಎಂಬ ಚಿತ್ರಗಾರರು ಕೊಳ್ಳುತ್ತಿದ್ದರು. ಬಾವ್ ಗುರುಗಳು ಬರೆದದ್ದು ಒಂದೇ ಬೆಟ್ಟ. ನಮ್ಮ ಕಡೆ ಬೆಟ್ಟಕ್ಕೇನು ಬರ? ಆದರೂ ಅವರು ಮತ್ತೆ ಮತ್ತೆ ಬರೆದದ್ದು ಹುಟ್ಟೂರಿನ ಹಿಂದಿನ ಎತ್ತಿನಬೆನ್ನು ಎಂಬ ಗುಡ್ಡವನ್ನೇ. ಬೆಳಗಿನದು, ಮಂಜಿನದು, ಹಿಮದ್ದು, ಹೀಗೆ. ಆ ಗುಡ್ಡವನ್ನು ಕಣ್ಣಾರೆ ನೋಡಿ ಅವರಿಗೆ ಎಷ್ಟು ಕಾಲವಾಗಿತ್ತೋ ದೇವರೇ ಬಲ್ಲ. ಅಲ್ಲಿ ಅವರ ಅಣ್ಣತಮ್ಮಂದಿರು ಗೆಣಸು ತಿಂದು ಬದುಕಿದ್ದರು, ಇವರು ಪಟ್ಟಣದಲ್ಲಿ ಗುಡ್ಡ ಬರೆದು ಮೀನು ತಿಂದು ಬದುಕಿದ್ದರು. ಹದಿನಾಲ್ಕರ ಸೂವೆನ್ ಅವರ ಮುಂದೆ ಹಣೆ ನೆಲಕ್ಕೆ ಮುಟ್ಟಿಸಿ, ಎರಡೂ ಕೈಯಲ್ಲಿ ಚಹಾ ಕೊಟ್ಟು ಶಿಷ್ಯೆಯಾದಳು. ಮೊದಲ ವರ್ಷಗಳೆಲ್ಲ ಗಟ್ಟಿ ಮಸಿಯನ್ನು ಕಲ್ಲಿನ ಮೇಲೆ ನೀರು ಹಾಕಿ ಅರೆಯುವುದರಲ್ಲೇ ಹೋದವು. ಅವಳು ಅದಕ್ಕೆ ಬೇಸರಪಡಲಿಲ್ಲ. ಕಾಡಿಗೆಯವನ ಮಗಳಿಗೆ ಆ ವಾಸನೆ ಅಪ್ಪನ ಅಂಗಿಯ ವಾಸನೆ.

ಐವತ್ತು ದಾಟುತ್ತಿದ್ದಂತೆ ಗುರುಗಳ ಮಣಿಕಟ್ಟು ಹಿಡಿದುಕೊಂಡಿತು. ಮೊದಲು ದೂರದ ಮರಗಳನ್ನು ಸೂವೆನ್ ಬರೆದಳು, ಆಮೇಲೆ ಬಂಡೆಗಳನ್ನು, ಆಮೇಲೆ ಇಡೀ ಗುಡ್ಡವನ್ನು. ಮೂಲೆಯಲ್ಲಿ ಗುರುಗಳು ಹೆಸರು ಬರೆದು ಕೆಂಪು ಮೊಹರು ಒತ್ತುತ್ತಿದ್ದರು. ಶಿಷ್ಯರು ಬರೆದದ್ದಕ್ಕೆ ಗುರು ಮೊಹರು ಒತ್ತುವುದು ನಮ್ಮಲ್ಲಿ ಹೊಸದಲ್ಲ. ಅದನ್ನು ಯಾರೂ ಕಳವು ಎನ್ನುವುದಿಲ್ಲ, ಗುರುವಿಗೆ ಕೈ ಎರವಲು ಕೊಟ್ಟದ್ದು ಎನ್ನುತ್ತಾರೆ. ಎರವಲು ಪಡೆದದ್ದನ್ನು ಹಿಂದಕ್ಕೆ ಕೊಟ್ಟವರನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ.

ಗುಡ್ಡದ ರೇಖೆ, ನೆರಳು, ಮಂಜು ಎಲ್ಲ ಮುಗಿದ ಮೇಲೆ ಕೊನೆಗೆ ಚುಕ್ಕೆ ಇಡುವುದು ಪದ್ಧತಿ. ಬಂಡೆಯ ಪಾಚಿ ಎನ್ನಿ, ದೂರದ ಪೊದೆ ಎನ್ನಿ. ಸವೆದ ಕುಂಚವನ್ನು ಹಿಡಿದು ಕುಟ್ಟುತ್ತ ಹೋಗಬೇಕು. ಚುಕ್ಕೆ ಸರಿಯಾಗಿ ಬಿದ್ದರೆ ಗುಡ್ಡ ಎದ್ದು ಕೂರುತ್ತದೆ, ತಪ್ಪಿದರೆ ಸಿಡುಬು ಎದ್ದ ಮುಖವಾಗುತ್ತದೆ. ಬಲಗೈ ಇಟ್ಟ ಚುಕ್ಕೆಯ ಬಾಲ ಬಲಕ್ಕೆ ವಾಲುತ್ತದೆ, ಎಡಗೈ ಇಟ್ಟದ್ದು ಎಡಕ್ಕೆ. ಸೂವೆನ್ ಗುಡ್ಡವನ್ನು ಬಲಗೈಯಲ್ಲಿ ಬರೆಯುತ್ತಿದ್ದಳು. ಚುಕ್ಕೆಗೆ ಬಂದಾಗ ಮಾತ್ರ ಬಲಗೈ ಮರಗಟ್ಟುತ್ತಿತ್ತು. ಒಂದು ದಿನ ಗುರುಗಳು ಹಿತ್ತಲಿಗೆ ಹೋದದ್ದು ನೋಡಿ ಅವಳು ಕುಂಚವನ್ನು ಎಡಗೈಗೆ ತೆಗೆದುಕೊಂಡಳು. ಗುರುಗಳು ಬಂದು ಹಿಂದೆ ನಿಂತದ್ದು ಗೊತ್ತಾಗಲಿಲ್ಲ. ಕುಂಚದ ಹಿಡಿಯಿಂದ ಅದೇ ಗೆಣ್ಣಿನ ಮೇಲೆ, ಅಜ್ಜಿ ಬಾರಿಸುತ್ತಿದ್ದ ಜಾಗದಲ್ಲೇ ಪೆಟ್ಟು ಬಿತ್ತು. ಆದರೆ ಚಿತ್ರ ಮರುದಿನ ರಾಜಧಾನಿಗೆ ಹೋಗಬೇಕಿತ್ತು, ಇನ್ನೊಂದು ಬರೆಯಲು ಹೊತ್ತಿರಲಿಲ್ಲ. ಗುರುಗಳು ಬೈಯುತ್ತಲೇ ಮೊಹರು ಒತ್ತಿದರು.

ರಾಜಧಾನಿಯಲ್ಲಿ ಪಂಡಿತರು ಕುಣಿದಾಡಿದರು. ಬಾವ್ ಗುರುಗಳ ಚುಕ್ಕೆ ಐವತ್ತು ದಾಟಿದ ಮೇಲೆ ಹೊಳೆಗೆ ಎದುರಾಗಿ ಈಜುತ್ತಿದೆ, ಇದು ಮಾಗಿದ ಕೈಯ ಲಕ್ಷಣ ಎಂದು ಬರೆದರು. ಗುರುಗಳು ಅದನ್ನು ಓದಿಸಿಕೊಂಡು ಕೇಳಿದರು, ಕಣ್ಣು ಮುಚ್ಚಿ ತಲೆದೂಗಿದರು. ಆಮೇಲೆ ಸೂವೆನ್‌ಳನ್ನು ಕರೆದರು.

"ಇನ್ನು ಮೇಲೆ ಚುಕ್ಕೆ ಎಡಗೈಲೇ ಇಡು. ಬಾಗಿಲು ಹಾಕ್ಕೊಂಡು ಇಡು."

ಅವಳು ಹಾಗೆಯೇ ಇಟ್ಟಳು. ಪ್ರಾಂತದಲ್ಲಿ ಚಿತ್ರಶಾಲೆ ತೆರೆದು ಗುರುಗಳನ್ನು ಅದಕ್ಕೆ ಹಿರಿಯರನ್ನಾಗಿ ಮಾಡಿದರು. ಅವಳನ್ನು ಸಹಾಯಕಿ ಎಂದು ನೇಮಿಸಿ, ಹಿಂದಿನ ಸಾಲಿನಲ್ಲಿ ಒಂದು ಕೋಣೆಯನ್ನೂ ರೇಷನ್ನನ್ನೂ ಕೊಟ್ಟರು. ಅವಳು ಮದುವೆಯಾಗಲಿಲ್ಲ. ಅವಳ ಆಸೆ ಒಂದೇ ಆಗಿತ್ತು: ಒಂದು ಗುಡ್ಡ, ಅದರ ಮೂಲೆಯಲ್ಲಿ ಲಿಂಗ್ ಸೂವೆನ್ ಎಂಬ ತನ್ನ ಹೆಸರು. ಒಂದೇ ಒಂದು ಸಾಕಾಗಿತ್ತು.

ಹಸಿವಿನ ವರ್ಷಗಳು ಕಳೆದ ಮೇಲೆ ಹೊಸಬರ ಚಿತ್ರಪ್ರದರ್ಶನ ಮಾಡುತ್ತೇವೆಂದು ಸರ್ಕಾರ ಸಾರಿತು. ಸೂವೆನ್ ರಜೆ ಕೇಳಿ ಎತ್ತಿನಬೆನ್ನಿಗೆ ಹೋದಳು. ಗುರುಗಳು ಎಂದೂ ಬರೆಯದ ಉತ್ತರದ ಇಳಿಜಾರನ್ನು ನೋಡಿದಳು. ಅಲ್ಲಿ ಜನ ತೊಗಟೆ ಸುಲಿದು ಬೇಯಿಸಿ ತಿಂದ ಮರಗಳು ಬೆತ್ತಲೆ ನಿಂತಿದ್ದವು. ಗುರುಗಳ ಕಿರಿಯ ತಮ್ಮನನ್ನು ಹೂತ ಗುಡ್ಡೆಯೂ ಅಲ್ಲೇ ಇತ್ತು. ಅವಳು ಅದನ್ನೇ ಬರೆದಳು. ಆ ಬೋಳು ಮರಗಳ ಬುಡಕ್ಕೆ ಎಡಗೈಯಲ್ಲಿ ಚುಕ್ಕೆ ಇಟ್ಟಳು. ಮೂಲೆಯಲ್ಲಿ ತನ್ನ ಹೆಸರು ಬರೆದಳು.

ಆಯ್ಕೆ ಮಾಡುವವರಲ್ಲಿ ಬಾವ್ ಗುರುಗಳೂ ಇದ್ದರು. ಅಧ್ಯಕ್ಷ ಮೆಯ್ ಎಂಬವನು. ಕುಂಚ ಹಿಡಿಯಲು ಬಾರದಿದ್ದರೂ ಕುಂಚ ಹಿಡಿದವರನ್ನು ಹಿಡಿದಿಡಲು ಬಲ್ಲವನು. ಚಿತ್ರ ನೋಡಿದ ಕೂಡಲೇ ಅವನು ಹುಬ್ಬು ಏರಿಸಿ, ಇದು ಗುರುಗಳ ಚುಕ್ಕೆಯ ನಕಲಲ್ಲವೇ ಎಂದು ಕೇಳಿದ. ಸೂವೆನ್ ಬಾಗಿಲ ಬಳಿ ನಿಂತಿದ್ದಳು. ಅಷ್ಟು ವರ್ಷ ಹಲ್ಲು ಕಚ್ಚಿ ತಡೆದ ಮಾತು ಹೊರಗೆ ಬಂತು.

"ಈ ಚುಕ್ಕೆ ನಂದು. ಗುರುಗಳ ಚಿತ್ರದಲ್ಲಿರೋದೂ ನಂದೇ. ನಾನು ಎಡಚಿ."

ಎಲ್ಲರೂ ಗುರುಗಳ ಮುಖ ನೋಡಿದರು. ಗುರುಗಳಿಗೆ ಸಿಟ್ಟು ಬರಲಿಲ್ಲ. ಮೊಮ್ಮಗಳು ತೊದಲಿದ್ದನ್ನು ಕೇಳಿದವರ ಹಾಗೆ ನಕ್ಕರು. ಹೊತ್ತಾಯಿತು, ಮೊದಲು ಊಟ ಮಾಡೋಣ, ಅವಳೂ ನಮ್ಮ ಜೊತೆಗೇ ಕೂರಲಿ ಎಂದರು.

ಅವಳಿಗೆ ಅದು ಮರ್ಯಾದೆ ಎನಿಸಿತು. ಹಿರಿಯರ ಮೇಜಿನಲ್ಲಿ ಅವಳು ಅದುವರೆಗೆ ಕೂತವಳಲ್ಲ. ಸೋಯಾ ಹಾಲಿನ ಗಿಣ್ಣನ್ನು ಬೂಷ್ಟು ಹಿಡಿಸಿ ಕರಿದ ತೋಫು ಬಂತು, ಎರಡು ವರ್ಷದಿಂದ ಯಾರೂ ಕಣ್ಣಲ್ಲೂ ಕಾಣದ ಪದಾರ್ಥ. ಗುರುಗಳು ತಾವೇ ಒಂದು ದಪ್ಪ ತುಂಡು ಎತ್ತಿ ಅವಳ ಬಟ್ಟಲಿಗೆ ಹಾಕಿ, ತಿನ್ನು ಮಗಳೇ, ಸೊರಗಿದೀಯ ಎಂದರು. ಅವಳಿಗೆ ಕಣ್ಣು ತುಂಬಿತು. ಹಸಿದವಳು ಕಡ್ಡಿಗಳನ್ನು ಎತ್ತಿಕೊಂಡು ತಿಂದಳು. ಆಗ ಮೇಜಿನ ಸುತ್ತ ಎಲ್ಲರೂ ತನ್ನ ಕೈಯನ್ನೇ ನೋಡುತ್ತಿರುವುದು ಅವಳ ಗಮನಕ್ಕೆ ಬಂತು.

"ನೋಡ್ಕೊಳ್ಳಿ," ಎಂದರು ಗುರುಗಳು. "ಎಡಚಿ ಯಾವ ಕೈಲಿ ಉಣ್ತಾಳೆ ಅಂತ."

ನಗು ಎದ್ದಿತು. ಸೂವೆನ್ ಮುಖ ಕೆಂಪಾಗಿ ಕಡ್ಡಿಗಳನ್ನು ಎಡಗೈಗೆ ಬದಲಿಸಿದಳು. ಮಗುವಾಗಿದ್ದಾಗಿನಿಂದ ಕಡ್ಡಿ ಮುಟ್ಟದ ಕೈ ಅದು. ತೋಫು ಜಾರಿ ಮಡಿಲಿಗೆ ಬಿತ್ತು. ಮೇಜೇ ನಕ್ಕಿತು, ಬಡಿಸುವವಳೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳು ಅಜ್ಜಿಯ ಸೌಟಿನ ಕಥೆ ಹೇಳಹೊರಟಳು. ಯಾರೂ ಕೇಳಲಿಲ್ಲ. ಒಂದು ಕುಂಚ ಕೊಡಿ, ಇಲ್ಲೇ ತೋರಿಸುತ್ತೇನೆ ಎಂದು ಬೇಡಿಕೊಂಡಳು.

"ನಕಲು ಮಾಡೋಳಿಗೆ ಕುಂಚ ಕೊಟ್ರೆ ಇನ್ನೊಂದು ನಕಲು ಮಾಡ್ತಾಳೆ ಅಷ್ಟೆ," ಎಂದ ಮೆಯ್. ಅವನಿಗೆ ಊಟ ಆರಿಹೋಗುವ ಚಿಂತೆ.

ಅವಳ ಗುಡ್ಡದ ನೆತ್ತಿಯ ಮೇಲೆ ನಕಲು ಎಂದು ಕೆಂಪು ಮಸಿಯ ಮುದ್ರೆ ಬಿತ್ತು. ಬಿಟ್ಟು ಹೋಗೋಣವೆಂದರೆ ಹೋಗುವುದೆಲ್ಲಿಗೆ? ಕೋಣೆ ಚಿತ್ರಶಾಲೆಯದು, ಅಕ್ಕಿಯ ಕೂಪನ್ನು ಚಿತ್ರಶಾಲೆಯದು, ಊರಲ್ಲಿರಲು ಹೆಸರು ನೋಂದಾಯಿಸಿದ್ದೂ ಅಲ್ಲೇ. ಮರುದಿನ ಅವಳು ಮತ್ತೆ ಗುರುಗಳ ಬಾಗಿಲಿಗೆ ಬಂದಳು. ಉಂಡ ಮನೆಯ ಜಂತೆ ಎಣಿಸಬಾರದು ಎಂದಷ್ಟೇ ಹೇಳಿ ಗುರುಗಳು ಮಸಿಕಲ್ಲು ತೋರಿಸಿದರು. ಮುದ್ರೆ ಬಿದ್ದ ಅವಳ ಹಾಳೆ ಮೇಜಿನ ಮೇಲಿತ್ತು. ಕಾಗದ ಒಳ್ಳೆಯದು, ಯಾಕೆ ಹಾಳು ಮಾಡಬೇಕು ಎಂದು ಅವರು ಅದನ್ನು ಕುಂಚದ ತುದಿ ಒರೆಸಲು ಇಟ್ಟುಕೊಂಡಿದ್ದರು. ದಿನವೂ ಅವಳ ಮುಂದೆಯೇ ಅದರ ಮೇಲೆ ಒರೆಸಿದರು. ಮೊದಲು ಆಕಾಶ ಹೋಯಿತು, ಆಮೇಲೆ ಮರಗಳು, ಕೊನೆಗೆ ಅವಳ ಹೆಸರು. ಅವಳು ಬಾಗಿಲು ಹಾಕಿಕೊಂಡು ಎಡಗೈಯಲ್ಲಿ ಅವರಿಗೆ ಚುಕ್ಕೆ ಇಡುತ್ತಲೇ ಇದ್ದಳು.

ಆಮೇಲೆ ಹಳೆಯದನ್ನೆಲ್ಲ ಒಡೆಯುತ್ತೇವೆಂದು ಹೊರಟ ಕೆಂಪು ತೋಳುಪಟ್ಟಿಯ ಹುಡುಗರ ಕಾಲ ಬಂತು. ನಾಯಕರೆಂಬ ಸೂರ್ಯನೇ ಇಲ್ಲದ ಕರಿಬೆಟ್ಟಗಳು ಯಾರಿಗಾಗಿ ಎಂದು ಅವರು ಕೇಳಿದರು. ಗುರುಗಳನ್ನು ಶಾಲೆಯ ಅಂಗಳದ ಕಟ್ಟೆಯ ಮೇಲೆ ಮಂಡಿಯೂರಿಸಿ, ತಲೆಗೆ ಕಾಗದದ ಉದ್ದ ಟೋಪಿ ಹಾಕಿ, ಮಸಿಯ ಬೋಗುಣಿಯನ್ನು ಮುಖದ ಮೇಲೆ ಸುರಿದರು. ಅರೆದವಳು ಸೂವೆನ್‌ಳೇ, ಬೆಳಿಗ್ಗೆ. ಯಾವುದಕ್ಕೆಂದು ಅವಳಿಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾದೀತು.

ಗುರುಗಳು ಕಪ್ಪು ಮುಖದಿಂದ ಗುಂಪಿನಲ್ಲಿ ಕಣ್ಣಾಡಿಸಿದರು. ಅವಳನ್ನು ಕಂಡ ಕೂಡಲೇ ಬೆರಳು ಚಾಚಿದರು.

"ನಾನಲ್ಲ. ಅವೆಲ್ಲ ಬರೆದೋಳು ಅವಳು. ಚುಕ್ಕೆ ನೋಡಿ. ಅವಳು ಎಡಚಿ."

ಅವಳನ್ನು ಎಳೆದು ತಂದು ನಿಲ್ಲಿಸಿದರು. ಇಷ್ಟು ವರ್ಷ ಕೇಳಬೇಕೆಂದಿದ್ದ ಮಾತು ಕೊನೆಗೂ ಆ ಬಾಯಿಂದ ಬಂದಿತ್ತು, ಅದೂ ಊರೆಲ್ಲ ಕೇಳುವ ಹಾಗೆ. ಸೂವೆನ್ ಅವರ ಮುಖವನ್ನೇ ನೋಡಿದಳು.

"ನಾನು ಬಲಗೈಲಿ ಉಣ್ಣೋಳು, ಕಾಮ್ರೇಡ್. ಬೇಕಾದ್ರೆ ಮೆಯ್ ಸಾಹೇಬ್ರನ್ನ ಕೇಳಿ."

ಮೆಯ್ ಹೌದೆಂದು ತಲೆಯಾಡಿಸಿದ. ಅವನಿಗೆ ತನ್ನ ತಲೆಯ ಮೇಲೆ ಟೋಪಿ ಬೀಳದಿದ್ದರೆ ಸಾಕಾಗಿತ್ತು. ಆವತ್ತು ನಿಜ ಹೇಳಿದವರು ಗುರುಗಳು, ಸುಳ್ಳು ಹೇಳಿದವಳು ಅವಳು. ಹೆಣ್ಣಿನ ಹಿಂದೆ ಅಡಗುತ್ತೀಯಾ ಎಂದು ಹುಡುಗರು ಬೆಲ್ಟು ಬಿಚ್ಚಿದರು. ಮೂರನೆಯ ದಿನ ಗುರುಗಳಿಗೆ ಲಕ್ವ ಹೊಡೆಯಿತು, ನಾಲಿಗೆ ಬಿದ್ದುಹೋಯಿತು. ಸೂವೆನ್ ತನ್ನ ಕೋಣೆಗೆ ಹೋಗಿ ಎರಡು ಬಟ್ಟಲು ಅನ್ನ ಉಂಡಳು. ಅನ್ನ ಅಷ್ಟು ರುಚಿಯಾಗಿದ್ದದ್ದು ಅವಳಿಗೆ ಬಹಳ ದಿನ ನೆನಪಿತ್ತು.

ಕಾಲ ಮತ್ತೆ ಮಗ್ಗುಲು ಬದಲಿಸಿತು. ಹುಡುಗರು ದೊಡ್ಡವರಾಗಿ ನೌಕರಿಗೆ ಸೇರಿದರು, ಸರ್ಕಾರ ಬಾವ್ ಗುರುಗಳ ಮೇಲಿನ ಆರೋಪವೆಲ್ಲ ತಪ್ಪು ಎಂದಿತು. ಅವರ ಹೆಸರಿನಲ್ಲಿ ಒಂದು ದೊಡ್ಡ ಚಿತ್ರಸಂಗ್ರಹಾಲಯ ಎದ್ದಿತು. ಅದರ ಮುಖ್ಯಸ್ಥನೂ ಮೆಯ್‌ನೇ. ಇಂಥವರು ನೀರಿನಲ್ಲಿ ಬಿದ್ದ ಬೆಂಡಿನ ಹಾಗೆ, ಮುಳುಗುವುದಿಲ್ಲ. ಅಷ್ಟರಲ್ಲಿ ಪೇಟೆಯ ತುಂಬ ಖೊಟ್ಟಿ ಬಾವ್ ಚಿತ್ರಗಳು ಹರಿದಾಡುತ್ತಿದ್ದವು, ಗುರುಗಳ ಸೋದರಳಿಯನೇ ಬರೆದು ಮಾರುತ್ತಾನೆಂಬ ಸುದ್ದಿಯಿತ್ತು. ಅಸಲಿ ಯಾವುದು ಎಂದು ಹೇಳಲು ಗುರುಗಳಿಗೆ ನಾಲಿಗೆಯಿಲ್ಲ, ಬರೆದು ತಿಳಿಸಲು ಕೈ ನಿಲ್ಲುವುದಿಲ್ಲ. ಮೆಯ್ ಸೂವೆನ್‌ಳನ್ನು ಕರೆಸಿದ. ಗುರುಗಳ ಕೈ ನಿನಗೆ ಗೊತ್ತಿರುವಷ್ಟು ಇನ್ನಾರಿಗೆ ಗೊತ್ತು, ನೀನು ಹೇಳಿದ್ದೇ ಕೊನೆಯ ಮಾತು ಎಂದ. ಹಿಂದಿನ ಊಟದ ನೆನಪು ಅವನಿಗಿದ್ದಂತೆ ಕಾಣಲಿಲ್ಲ.

ಅವಳು ಒಪ್ಪಿದಳು. ನಲವತ್ತೇಳರ ಹೆಂಗಸು, ಕೂದಲು ಬೆಳ್ಳಗಾಗಿತ್ತು. ಅಲ್ಲಿ ತಂದು ಒಟ್ಟಿದ್ದ ರಾಶಿಯಿಂದ ನಲವತ್ತು ಸುರುಳಿಗಳನ್ನು ಆರಿಸಿ ಗೋಡೆಗೆ ಹಾಕಿಸಿದಳು. ನಲವತ್ತೂ ಅವಳು ಬರೆದವೇ. ಅವಳ ಮನಸ್ಸಿನಲ್ಲಿ ಲೆಕ್ಕ ಸ್ಪಷ್ಟವಾಗಿತ್ತು. ಆಯ್ಕೆಯ ಕೊನೆಯ ದಿನ, ರಾಜಧಾನಿಯ ಪಂಡಿತರ ಮುಂದೆ, ಕುಂಚ ತರಿಸಿ ಎಡಗೈಯಲ್ಲಿ ಚುಕ್ಕೆ ಇಟ್ಟು ತೋರಿಸುವುದು. ಇವೆಲ್ಲ ಲಿಂಗ್ ಸೂವೆನ್ ಬರೆದವು ಎನ್ನುವುದು. ಈಗ ಅಡ್ಡ ನುಡಿಯಲು ಆ ಮುದುಕನಿಗೆ ಬಾಯಿಯಿಲ್ಲ. ಆ ಒಂದು ವಾಕ್ಯವನ್ನು ಅವಳು ದಿನವೂ ಮನಸ್ಸಿನಲ್ಲಿ ಮಸೆದಳು.

ಆ ದಿನವೇ ಗುರುಪತ್ನಿ ಗುರುಗಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಬಂದಳು. ಅವಳ ಕಂಕುಳಲ್ಲಿ ಒಂದು ಸುರುಳಿ ಇತ್ತು.

"ಇದೊಂದು ಉಳ್ದಿದೆ. ಇವರೇ ಬರೆದದ್ದು. ಕೈ ನಡುಗದಿದ್ದ ಬೆಳಿಗ್ಗೆ ಒಂದಿಷ್ಟು, ಒಂದಿಷ್ಟು. ಎರಡು ವರ್ಷ ಹಿಡೀತು."

ಸುರುಳಿಯನ್ನು ಗೋಡೆಗೆ ತೂಗುಹಾಕಿ ಬಿಚ್ಚಿದರು. ಎತ್ತಿನಬೆನ್ನಿನ ಉತ್ತರದ ಇಳಿಜಾರು. ನಡುಗುವ ಕೈ ಎಳೆದ ರೇಖೆ ಅಲ್ಲಲ್ಲಿ ಕಡಿದು, ಮತ್ತೆ ಹಿಡಿದು, ಏದುಸಿರು ಬಿಡುತ್ತ ಹತ್ತುವವರ ಹಾಗೆ ಮೇಲಕ್ಕೆ ಹೋಗಿತ್ತು. ಮಂಜಿಗೆಂದು ಬಿಟ್ಟ ಬಿಳಿ ಜಾಗ ತಣ್ಣಗೆ ಕೊರೆಯುವಂತಿತ್ತು. ಬೋಳು ಮರಗಳಿದ್ದವು. ತಮ್ಮನನ್ನು ಹೂತ ಗುಡ್ಡೆ ಇತ್ತು. ಕುಂಚ ಒರೆಸಿ ಅಳಿಸಿದ ಅವಳ ಗುಡ್ಡವನ್ನೇ ಮುದುಕ ನೆನಪಿನಿಂದ ಎತ್ತಿ ನಿಲ್ಲಿಸಿದ್ದರು, ಅವಳು ಬರೆದದ್ದಕ್ಕಿಂತ ಚೆನ್ನಾಗಿ. ಅದರ ಮುಂದೆ ಗೋಡೆಯ ನಲವತ್ತು ಗುಡ್ಡಗಳು ಜಾಣ ಮಕ್ಕಳ ಅಕ್ಷರದ ಹಾಗೆ ಕಂಡವು. ಚುಕ್ಕೆಗಳು ಬಲಕ್ಕೆ ವಾಲಿದ್ದವು.

ಸೂವೆನ್ ಗೋಡೆಯ ನಲವತ್ತನ್ನೂ ಮತ್ತೊಮ್ಮೆ ನೋಡಿದಳು. ತಾನು ಮಸೆದಿಟ್ಟ ವಾಕ್ಯವನ್ನು ಆಡಿದರೆ ಏನಾಗುತ್ತದೆಂದು ಅವಳಿಗೆ ತಟ್ಟನೆ ಹೊಳೆಯಿತು. ನಲವತ್ತು ಚಿತ್ರಗಳಿಗೆ ತನ್ನ ಹೆಸರು ಸಿಗುತ್ತದೆ, ನಿಜ. ಆಮೇಲೆ ಅವನ್ನು ಕೆಳಗಿಳಿಸಿ ಶಿಷ್ಯೆಯ ಕೈಕೆಲಸವೆಂದು ಪಕ್ಕದ ಕೋಣೆಗೆ ಹಾಕುತ್ತಾರೆ. ನಡುಗೋಡೆಯಲ್ಲಿ ಈ ಒಂದೇ ಗುಡ್ಡ ನಿಲ್ಲುತ್ತದೆ, ಜನ ಬಂದು ಇದರ ಮುಂದೆ ಮಾತು ಮರೆಯುತ್ತಾರೆ. ಅನ್ಯಾಯ ಮಾಡಿದವನೇ ದೊಡ್ಡವನೂ ಆಗಿಬಿಡುತ್ತಾನೆ.

ಮೆಯ್ ಅವಳ ಕಡೆ ತಿರುಗಿದ.

"ಖೊಟ್ಟಿ," ಎಂದಳು ಸೂವೆನ್. "ಐವತ್ತು ದಾಟಿದ ಮೇಲೆ ಗುರುಗಳ ಚುಕ್ಕೆ ಎಡಕ್ಕೆ ವಾಲುತ್ತೆ. ಇಡೀ ದೇಶಕ್ಕೆ ಗೊತ್ತು. ಇದು ಬಲಕ್ಕೆ ವಾಲಿದೆ."

ಪಂಡಿತರು ಹತ್ತಿರ ಹೋಗಿ ಬಗ್ಗಿ ನೋಡಿ ಹೌದು ಹೌದು ಎಂದರು. ಗುರುಪತ್ನಿ ಆಣೆಯಿಟ್ಟಳು. ಮೆಯ್ ಕನಿಕರದ ದನಿಯಲ್ಲಿ, ಅಮ್ಮ, ಬೆಳಿಗ್ಗೆ ಇಲ್ಲೇ ಬಾಗಿಲ ಹೊರಗೆ ಇವರಿಗೆ ಗಂಜಿಯನ್ನೂ ನೀವೇ ಚಮಚದಲ್ಲಿ ಕುಡಿಸಿದ್ದನ್ನು ನಾವೆಲ್ಲ ನೋಡಿದೆವಲ್ಲ, ಕಡ್ಡಿ ಹಿಡಿಯಲಾಗದ ಕೈ ಕುಂಚ ಹಿಡಿದೀತೇ ಎಂದ. ಉಣ್ಣುವ ಕೈಯೇ ಬೇರೆ, ಬರೆಯುವ ಕೈಯೇ ಬೇರೆ ಎಂದು ಆ ಕೋಣೆಯಲ್ಲಿ ಬಲ್ಲವರು ಇಬ್ಬರೇ. ಒಬ್ಬರಿಗೆ ಮಾತಿರಲಿಲ್ಲ, ಮಾತಿದ್ದವಳು ಸುಮ್ಮನಿದ್ದಳು.

ಗುರುಗಳು ಕೈಸನ್ನೆ ಮಾಡಿ ಮಸಿ, ಕಾಗದ ತರಿಸಿದರು. ಬಲಗೈಯಲ್ಲಿ ಕುಂಚ ಹಿಡಿದರು. ಅಷ್ಟು ಕಣ್ಣುಗಳ ಮುಂದೆ ಕೈ ಗಡಗಡ ನಡುಗಿತು, ಹಾಳೆಯ ಮೇಲೆ ದೊಡ್ಡ ಮಸಿಬೊಟ್ಟು ಬಿದ್ದು ಹರಡಿತು. ಪಂಡಿತರು ಮುಖ ತಿರುಗಿಸಿದರು. ಆಗ ಮುದುಕ ಮಾಡಿದ್ದನ್ನು ಯಾರೂ ಎಣಿಸಿರಲಿಲ್ಲ. ಕುರ್ಚಿಯಿಂದ ಮುಂದಕ್ಕೆ ಬಾಗಿ ಸೂವೆನ್‌ಳ ಎಡಗೈ ಹಿಡಿದೆಳೆದರು. ಆ ಕುಂಚವನ್ನು ಅವಳ ಬೆರಳುಗಳ ನಡುವೆ ಇಟ್ಟು, ಮುಷ್ಟಿ ಮುಚ್ಚಿಸಿ, ಗೋಡೆಯ ನಲವತ್ತು ಚಿತ್ರಗಳನ್ನು ತೋರಿಸಿದರು. ಮತ್ತೆ ಅವಳ ಕೈ ತೋರಿಸಿದರು. ಗಂಟಲಿನಿಂದ ಗೊರಗೊರ ಸದ್ದು ಬಂತು, ಕಣ್ಣಿಂದ ನೀರಿಳಿಯಿತು.

ಅವಳು ಒಂದು ಚುಕ್ಕೆ ಇಟ್ಟರೆ ಸಾಕಿತ್ತು. ನಲವತ್ತು ಗುಡ್ಡಗಳು ಅವಳವಾಗುತ್ತಿದ್ದವು, ಒಂದು ಗುಡ್ಡ ಅವರದಾಗುತ್ತಿತ್ತು. ಬೇಡಿದವರಿಗೆ ಕೊಡುವ ಗಳಿಗೆ ಅವಳಿಗೂ ಬಂದಿತ್ತು. ಅವಳು ಮುದುಕನ ಕಣ್ಣೊಳಗೆ ನೋಡಿದಳು. ಮಡಿಲಿಗೆ ಬಿದ್ದ ತೋಫಿನ ಎಣ್ಣೆ ಇನ್ನೂ ಬಿಸಿಯಾಗಿದೆ ಎನಿಸಿತು.

ಸೂವೆನ್ ಕುಂಚವನ್ನು ಬಲಗೈಗೆ ದಾಟಿಸಿದಳು. ಹಾಳೆಯ ಮೇಲೆ ಮೂರು ಚುಕ್ಕೆ ಕುಟ್ಟಿದಳು. ಮೂರೂ ಒಡ್ಡೊಡ್ಡಾಗಿ ಬಲಕ್ಕೆ ವಾಲಿದವು.

"ಗುರುಗಳಿಗೆ ಶಿಷ್ಯೆ ಮೇಲೆ ಪ್ರೀತಿ ಜಾಸ್ತಿ," ಎಂದಳು ಮೆಯ್‌ಗೆ. "ನಂಗೂ ಬರುತ್ತೆ ಅಂತ ತೋರಿಸೋಕೆ ನೋಡ್ತಿದಾರೆ. ನಂಗೆ ಬರಲ್ಲ."

ಎಲ್ಲರಿಗೂ ಮನಸ್ಸು ಕರಗಿತು. ಒಬ್ಬ ಪಂಡಿತ ಕನ್ನಡಕ ಒರೆಸಿಕೊಂಡ. ಮೆಯ್ ಮುದ್ರೆ ತರಿಸಿ ಉತ್ತರದ ಇಳಿಜಾರಿನ ನೆತ್ತಿಯ ಮೇಲೆ ನಕಲು ಎಂದು ಒತ್ತಿದ. ಗುರುಗಳು ಅವಳ ಕೈ ಬಿಟ್ಟರು. ಆಮೇಲೆ ಯಾರ ಕಡೆಗೂ ನೋಡಲಿಲ್ಲ.

ಆ ಚಳಿಗಾಲ ಅವರು ದಾಟಲಿಲ್ಲ. ನಮ್ಮಲ್ಲಿ ಸತ್ತವರಿಗೆಂದು ಕಾಗದ ಸುಡುತ್ತಾರೆ, ಸುಟ್ಟದ್ದು ಅವರಿಗೆ ತಲುಪುತ್ತದೆಂಬ ನಂಬಿಕೆ. ಎಲ್ಲರೂ ಕಾಗದದ ಹಣ, ಕಾಗದದ ಕೋಟು ಸುಟ್ಟರೆ ಗುರುಪತ್ನಿ ಆ ಸುರುಳಿಯನ್ನೇ ಬೆಂಕಿಗೆ ಹಾಕಿದಳು. ಸೂವೆನ್ ಪಕ್ಕದಲ್ಲೇ ನಿಂತಿದ್ದಳು. ಮೊದಲು ಮರಗಳು ಹೊತ್ತಿಕೊಂಡವು. ಕಸಿದುಕೊಳ್ಳಲು ಅವಳ ಎಡಗೈ ತಾನಾಗಿ ಮುಂದಕ್ಕೆ ಹೋಯಿತು. ಮುದುಕಿ ಆ ಕೈಯನ್ನು ಪಕ್ಕಕ್ಕೆ ಸರಿಸಿದಳು.

"ಬಿಡು. ನಿಂಗೆ ಬೇಡವಾದದ್ದು ಅವರಿಗಾದ್ರೂ ಸಿಗಲಿ."

ಈಗ ಸೂವೆನ್ ಬಾವ್ ತಿಂಗ್‌ಹೆ ಚಿತ್ರಸಂಗ್ರಹಾಲಯದಲ್ಲಿ ನೋಡಬಂದವರಿಗೆ ವಿವರಿಸುವ ಕೆಲಸದಲ್ಲಿದ್ದಾಳೆ. ಬಲಗೈಯಲ್ಲಿ ಬಿದಿರಿನ ಕೋಲು ಹಿಡಿದು ಒಂದೊಂದೇ ಗುಡ್ಡ ತೋರಿಸುತ್ತಾಳೆ. ಮಂಜನ್ನು ಬರೆದದ್ದಲ್ಲ, ಬಿಟ್ಟದ್ದು ಎನ್ನುತ್ತಾಳೆ. ಮಾಗಿದ ಮೇಲೆ ಗುರುಗಳ ಚುಕ್ಕೆ ಎಡಕ್ಕೆ ವಾಲಿತು, ಇನ್ಯಾರಿಗೂ ಆ ಕೈ ಬರಲಿಲ್ಲ ಎನ್ನುತ್ತಾಳೆ. ಮೊನ್ನೆ ಶಾಂಘೈ ಕಡೆಯ ಹೆಂಗಸೊಬ್ಬಳು ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದು ಕೇಳಿದಳು.

"ಅಷ್ಟು ವರ್ಷ ಜೊತೇಲಿದ್ರಲ್ಲ. ನೀವೂ ಬರೀತಿದ್ರಾ?"

"ಇಲ್ಲಮ್ಮ. ನಾನು ಮಸಿ ಅರೀತಿದ್ದೆ," ಎಂದು ಸೂವೆನ್ ಮುಂದಿನ ಚಿತ್ರದ ಕಡೆಗೆ ನಡೆದಳು.